ಹಲಗೆಗೆ ಅಂಟಿದ ಕಸೂತಿ

ದೇವರಿಗೆ ದೀಪ ಹಚ್ಚಿ, ಒಂದು ಸಾಲು ಕಸೂತಿ ಹಾಕದೆ ಸುಶೀಲಾಬಾಯಿ ಚಹಾ ಕುಡಿದವರೇ ಅಲ್ಲ. ಡಾಕ್ಟರ್ ಗಂಡನ ಜೊತೆ ಇಂಗ್ಲೆಂಡಿಗೆ ಬಂದ ಮೇಲೂ, ಅವರು ತೀರಿಕೊಂಡ ವರ್ಷವೂ ಅದು ತಪ್ಪಿರಲಿಲ್ಲ. ಧಾರವಾಡದಲ್ಲಿ ಅವ್ವ ಕಲಿಸಿದ್ದು ಇಷ್ಟೇ: ದಾರಕ್ಕೆ ಗಂಟು ಹಾಕಬಾರದು, ಬಟ್ಟೆಯ ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕವಾಗಿರಬೇಕು.

೨೦೧೦ರ ಡಿಸೆಂಬರಿನಲ್ಲಿ, ಲೀಡ್ಸ್ ನಗರವೆಲ್ಲ ಹಿಮದಲ್ಲಿ ಹೂತಿದ್ದಾಗ, ಅಲ್ಲಿನ ಹೆಡಿಂಗ್ಲೀ ಬಡಾವಣೆಯಲ್ಲಿ ಕರಕುಶಲ ಪ್ರದರ್ಶನ ನಡೆಯಿತು. ಎರಡು ವರ್ಷ ಕೂತು ಹಾಕಿದ ನವಿಲಿನ ಸೆರಗನ್ನು ಸಂಘಟಕಿ ಮಾಳವಿಕಾಳ ಕೈಗೆ ಕೊಡುವಾಗ ಅವರು, “ಎರಡೂ ಕಡೆ ಕಾಣೋಹಂಗ ತೂಗಹಾಕವ್ವಾ” ಎಂದು ಹೇಳಿಯೇ ಕೊಟ್ಟಿದ್ದರು. ಹೋಗಿ ನೋಡಿದರೆ ಸೆರಗನ್ನು ಹಲಗೆಗೆ ಅಂಟು ಬಳಿದು ಕೂರಿಸಿದ್ದರು. ಅಂಚು ಎತ್ತಲು ಹೋದರೆ ದಾರವೇ ಕಿತ್ತು ಬಂತು.

“ನೀಟಾಗಿ ಕಾಣ್ಲಿ ಅಂತ, ಆಂಟೀ. ಹಿಂದುಗಡೆ ಯಾರು ನೋಡ್ತಾರೆ?” ಎಂದಳು ಮಾಳವಿಕಾ.

“ನಮ್ಮವ್ವ ಮೊದಲ ಅದನ್ನ ತಿರುವಿ ನೋಡತಿದ್ಲು.”

ಸುಶೀಲಾಬಾಯಿ ಹಲಗೆಯನ್ನೇ ಕಂಕುಳಲ್ಲಿ ಹಿಡಿದು ಹೊರಟರು. ಮಾಳವಿಕಾ ಬಾಗಿಲವರೆಗೆ ಓಡಿ ಬಂದಳು.

“ಆಂಟೀ, ಸ್ನೋ ಜೋರಾಗಿದೆ, ಬಸ್ ಬರಲ್ಲ. ಕಾರಲ್ಲಿ ಬಿಡ್ತೀನಿ, ಬನ್ನಿ.”

“ಬ್ಯಾಡ ತಂಗಿ. ನಿನ್ನ ಕಾರಿನ್ಯಾಗ ಕೂತ್ರ ಈ ಸಿಟ್ಟು ಬಿಡಬೇಕಾಗ್ತದ. ನಡಕೊಂಡ ಹೋಗ್ತೀನಿ.”