ಫೋನಿನಲ್ಲಿ ಬಾಯ್ಲರ್ ಕೇಳಿಸಿಕೊಂಡ ಊನಜ್ಜಿ

ನಮ್ಮ ಅಪ್ಪನ ಇಬ್ಬರು ಸೋದರತ್ತೆಯರು, ಊನಜ್ಜಿ ಮತ್ತು ಡಿಂಪ್ನಜ್ಜಿ, ಮದುವೆಯಾಗದೆ ಹುಟ್ಟಿದ ಮನೆಯಲ್ಲೇ ಉಳಿದವರು. ಹಿತ್ತಲ ಬಾಗಿಲೇ ಅವರಿಬ್ಬರ ಗಡಿ. ಅದರಿಂದಾಚೆ ಇರುವುದೆಲ್ಲ, ಎಂದರೆ ಕಾರು, ಚರಂಡಿ, ಎಣ್ಣೆ ಟ್ಯಾಂಕು, ಆ ಎಣ್ಣೆ ಉರಿಸಿ ಮನೆ ಬೆಚ್ಚಗಿಡುವ ಬಾಯ್ಲರು, ಎಲ್ಲ ಊನಜ್ಜಿಯದು. ಸ್ಕೂಲ್ ಬಸ್ ಓಡಿಸಿದ ಹೆಂಗಸು ಅವಳು, ಟೈರಿಗೆ ಒದ್ದು ಗಾಳಿ ಎಷ್ಟಿದೆ ಅಂತ ಹೇಳುವವಳು. ಬಾಗಿಲಿನ ಈಚೆ ಇರುವುದು ಡಿಂಪ್ನಜ್ಜಿಯದು. ಅವಳು ಅದೇ ಸ್ಕೂಲಿನ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸಿದವಳು. ಒಬ್ಬರ ಗಡಿಗೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ, ಇಟ್ಟರೆ ಜಗಳ.

ಆ ಜನವರಿಯಲ್ಲಿ ಊನಜ್ಜಿಗೆ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದಳು. ಮೈ ಸ್ವಲ್ಪ ಚೇತರಿಸಿತು, ಆದರೆ ವಾರ್ಡಿನವರು ಒಂದು ಮಾತು ಹೇಳಿಬಿಟ್ಟರು: ಮನೆ ಬೆಚ್ಚಗಿದ್ದರೆ ಮನೆಗೆ, ಇಲ್ಲವಾದರೆ ಪಟ್ಟಣದ ವೃದ್ಧಾಶ್ರಮದಲ್ಲಿ ಒಂದು ಹಾಸಿಗೆ ಖಾಲಿ ಇದೆ, ಅಲ್ಲಿಗೆ. ಎರಡು ವಾರಕ್ಕೆ ಅಂತ ಅಲ್ಲಿಗೆ ಹೋದ ಪಕ್ಕದ ಮನೆಯ ಮುದುಕಿ ವಾಪಸ್ ಬಂದದ್ದು ಸ್ಮಶಾನಕ್ಕೆ. ಅದು ಇಬ್ಬರಿಗೂ ಗೊತ್ತಿತ್ತು. ಮಧ್ಯಾಹ್ನ ಮೂರಕ್ಕೆ ನರ್ಸ್ ಓರ್ಲಾ ಬಂದು ಮನೆ ನೋಡುವುದು ಅಂತ ತೀರ್ಮಾನವಾಯಿತು.

ಅವತ್ತು ಬೆಳಿಗ್ಗೆಯೇ ಬಾಯ್ಲರ್ ನಿಂತುಹೋಗಿತ್ತು.

ನಾನು ಅಲ್ಲಿರಲಿಲ್ಲ, ಹಿಮ ಬಿದ್ದು ಬೆಲ್‌ಫಾಸ್ಟಿನ ಹಾಸ್ಟೆಲಿನಲ್ಲಿ ಸಿಕ್ಕಿಕೊಂಡಿದ್ದೆ, ಆ ಸಂಕಟ ನನಗೆ ಇನ್ನೂ ಇದೆ. ಇಬ್ಬರೂ ಬೇರೆ ಬೇರೆ ಹೇಳಿದ್ದನ್ನು, ಒಬ್ಬರದು ಸುಳ್ಳು ಅಂತ ಇನ್ನೊಬ್ಬರು ಹೇಳಿದ್ದನ್ನೂ ಬಿಡದೆ, ಜೋಡಿಸಿದ್ದೇನೆ.

ಡಿಂಪ್ನಜ್ಜಿ ಹಿತ್ತಲ ಶೆಡ್ಡಿಗೆ ಹೋಗಿ ಬಾಯ್ಲರಿನ ಕೆಂಪು ಗುಂಡಿ ಒತ್ತಿದಳು, ಅದು ಸ್ವಲ್ಪ ಹೊತ್ತು ಗೊರಗುಟ್ಟಿ ಕೆಂಪು ದೀಪ ಹಚ್ಚಿಕೊಂಡು ಸುಮ್ಮನಾಯಿತು. ಮತ್ತೆ ಒತ್ತಿದಳು, ಮತ್ತೆ ಹಾಗೇ. ಕೊನೆಗೆ ಅಕ್ಕನಿಗೆ ಫೋನ್ ಮಾಡಿದಳು.

"ಎಣ್ಣೆ ಇದೆಯೇನೇ?" ಊನಜ್ಜಿ ಹೊದಿಕೆಯೊಳಗೆ ತಲೆ ಹಾಕಿಕೊಂಡು ಪಿಸುಗುಟ್ಟಿದಳು. ವಾರ್ಡಿನವರಿಗೆ ಆಗಲೇ ಮನೆ ಒಲೆ ಥರ ಇದೆ ಅಂತ ಹೇಳಿಬಿಟ್ಟಿದ್ದಳು.

"ಅರ್ಧ ಟ್ಯಾಂಕ್ ಇದೆ. ಟ್ಯಾಂಕಿನ ಪಕ್ಕದ ಗಾಜಿನ ಕೊಳವೇಲಿ ದಿನಾ ನೋಡ್ತಿದೀನಿ. ನಿಂತ ಜಾಗದಿಂದ ಒಂದಿಂಚೂ ಇಳಿದಿಲ್ಲ."

"ದಿನಾ ಉರಿಸ್ತಿದ್ದೀಯ, ಇಳಿದೇ ಇಲ್ಲ. ಅದು ನಿನಗೆ ವಿಚಿತ್ರ ಅನ್ನಿಸ್ಲಿಲ್ವ?"

"ಹದವಾಗಿ ಉರಿಸ್ತಿದೀನಿ ಅನ್ಕೊಂಡೆ."

"ಆ ಕೊಳವೆ ಕೆಳಗೆ ಒಂದು ಪುಟ್ಟ ನಲ್ಲಿ ಇದೆ, ಅದನ್ನ ಮುಚ್ಚಿಟ್ಟಿರ್ತೀನಿ ಕಣೇ. ತೆರೆದಾಗ ಮಾತ್ರ ಅದು ನಿಜ ಹೇಳೋದು. ಹೋಗಿ ಟ್ಯಾಂಕಿಗೆ ಬೆರಳ ಗೆಣ್ಣಲ್ಲಿ ಕುಟ್ಟು."

ಡಿಂಪ್ನಜ್ಜಿ ಹೋಗಿ ಕುಟ್ಟಿದಳು. ಮೇಲಿಂದ ಕೆಳಗಿನವರೆಗೂ ಖಾಲಿ ಡಬ್ಬದ ಸದ್ದು.

ಎಣ್ಣೆ ತರುವ ಭಾರದ ಟ್ಯಾಂಕರ್ ಲಾರಿ ಆ ಹಿಮದಲ್ಲಿ ಬೆಟ್ಟ ಹತ್ತುವ ಹಾಗಿರಲಿಲ್ಲ. ಕೆಳಗಿನ ತೋಟದ ಮಲಾಕಿ ಟ್ರ್ಯಾಕ್ಟರಿನಲ್ಲಿ ಪೆಟ್ರೋಲ್ ಬಂಕಿಗೆ ಹೋಗಿ ಎರಡು ಕ್ಯಾನ್ ಸೀಮೆಎಣ್ಣೆ ತಂದು ಟ್ಯಾಂಕಿಗೆ ಸುರಿದ. "ಹಸು ಕರು ಹಾಕ್ತಿದೆ ಡಿಂಪ್ನಾ, ಕಾಲು ಹೊರಗೆ ಬಂದಿದೆ, ನಿಲ್ಲೋಕಾಗಲ್ಲ," ಅಂತ ಓಡಿದ. ಆಗ ಒಂದೂವರೆ ದಾಟಿತ್ತು. ಅಡುಗೆಮನೆಯಲ್ಲಿ ಬೆಣ್ಣೆ ಕಲ್ಲಾಗಿತ್ತು.

ಗುಂಡಿ ಒತ್ತಿದರೆ ಮತ್ತೆ ಕೆಂಪು ದೀಪ.

"ಫೋನ್ ಬಾಯ್ಲರ್ ಹತ್ತಿರ ಇಡು," ಅಂದಳು ಊನಜ್ಜಿ. ಡಿಂಪ್ನಜ್ಜಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಫೋನ್ ಇಟ್ಟಳು. "ಇನ್ನೊಂದೇ ಸಲ ಒತ್ತು. ಮಾತಾಡಬೇಡ."

ಆಸ್ಪತ್ರೆಯ ಹಾಸಿಗೆಯಲ್ಲಿ ಊನಜ್ಜಿ ಕಣ್ಣು ಮುಚ್ಚಿ ಕೇಳಿದಳು. "ಪಂಪ್ ಕೀರಲು ಸ್ವರದಲ್ಲಿ ಅಳ್ತಿದೆ. ಎಣ್ಣೆ ಅಲ್ಲ, ಗಾಳಿ ಹೀರ್ತಿದೆ. ಟ್ಯಾಂಕಿಂದ ಬರೋ ಕೊಳವೆ ತುಂಬ ಗಾಳಿ. ಕರೆಂಟ್ ಆಫ್ ಮಾಡು. ಪಂಪಿನ ಪಕ್ಕ ಒಂದು ಸಣ್ಣ ಸ್ಕ್ರೂ ಇದೆ, ಅದರ ಕೆಳಗೆ ಒಂದು ಜಾಮ್ ಬಾಟಲ್ ಹಿಡಿದು..." ಅಷ್ಟರಲ್ಲಿ ಕೆಮ್ಮು ಹಿಡಿಯಿತು. ಡಿಂಪ್ನಜ್ಜಿ ಬಾಟಲ್ ಹಿಡಿದುಕೊಂಡು, ಆ ಕೆಮ್ಮು ಮುಗಿಯುವವರೆಗೆ ಮಂಡಿಯೂರಿ ಕೂತಿದ್ದಳು. ಅದು ಬೇಗ ಮುಗಿಯಲಿಲ್ಲ.

"ಊನಾ? ಊನಾ, ಇದ್ದೀಯಾ?"

"ಎಲ್ಲಿ ಹೋಗ್ಲಿ. ಸ್ಕ್ರೂ ಸಡಿಲ ಮಾಡು."

ಸ್ಕ್ರೂ ಸಡಿಲವಾಗುತ್ತಲೇ ಪುಸ್ ಪುಸ್ ಅಂತ ನೊರೆ ಉಗುಳಿತು. ಸೀಮೆಎಣ್ಣೆ ಬೆರಳ ಸಂದಿಗೆ ಇಳಿದು ಕೈ ಮರಗಟ್ಟಿತು. ಸ್ವಲ್ಪ ಹರಿದಿದ್ದೇ ತಡ, ಡಿಂಪ್ನಜ್ಜಿ ಸಾಕು ಅಂತ ಬಿಗಿದುಬಿಟ್ಟಳು. ಕರೆಂಟ್ ಹಾಕಿ ಗುಂಡಿ ಒತ್ತಿದಳು. ಮತ್ತೆ ಅದೇ ಅಳು, ಅದೇ ಕೆಂಪು.

ಎರಡೂ ಮುಕ್ಕಾಲು.

"ಇನ್ನೊಂದು ಸಲ ಒತ್ತಿದ್ರೆ ಹತ್ಕೊಳತ್ತೆ," ಅಂದಳು ಡಿಂಪ್ನಜ್ಜಿ. ಬೆರಳು ಗುಂಡಿಯ ಮೇಲೆಯೇ ಇತ್ತು.

"ಕೈ ತೆಗಿ. ಉರಿಯದೆ ಒಳಗೆ ಬಿದ್ದ ಎಣ್ಣೆ ಅಲ್ಲೇ ನಿಂತಿರತ್ತೆ. ಆಮೇಲೆ ಒಟ್ಟಿಗೆ ಹತ್ಕೊಂಡ್ರೆ ಬಾಗಿಲ ಸಮೇತ ಹಾರ್ತೀಯ."

"ನರ್ಸ್ ಬರೋ ಹೊತ್ತಾಯ್ತು ಕಣೇ."

"ಬರಲಿ ಬಿಡು. ನಾನು ಆ ಆಶ್ರಮಕ್ಕೇ ಹೋಗ್ತೀನಿ. ನಿನ್ನ ಅಡುಗೆಗಿಂತ ಕೆಟ್ಟದಾಗಿ ಅಲ್ಲೇನೂ ಇರಲ್ಲ."

ಅಕ್ಕ ತಮಾಷೆ ಮಾಡಿದ್ದು ತನ್ನ ಕೈ ಗುಂಡಿಯಿಂದ ಬಿಡಿಸುವುದಕ್ಕೆ ಅಂತ ಡಿಂಪ್ನಜ್ಜಿಗೆ ಗೊತ್ತಾಗಿತ್ತು. ಬೆರಳು ತೆಗೆದಳು.

"ಒಳಗಿಂದ ಎಣ್ಣೆ ವಾಸನೆ ಬರ್ತಿದ್ಯಾ?"

"ನನ್ನ ಕೈಯಿಂದ ಬರ್ತಿದೆ. ಅಲ್ಲಿಂದ ಇಲ್ಲ."

"ಸರಿ. ಕರೆಂಟ್ ಆಫ್ ಮಾಡಿ ಮತ್ತೆ ಸಡಿಲ ಮಾಡು. ನೊರೆ ನಿಂತು, ನೀರಿನ ಥರ ಒಂದೇ ಸಮ ಹರಿಯೋವರೆಗೂ ಮುಟ್ಟಬೇಡ. ಯಾರೇ ಬಂದ್ರೂ ಏಳಬೇಡ."

ಹೊರಗೆ ಹಿಮದ ಮೇಲೆ ಕಾರಿನ ಚಕ್ರ ಕರಕರ ಅಂದಿತು. ಡಿಂಪ್ನಜ್ಜಿ ಏಳಲಿಲ್ಲ. ನೊರೆ, ಮತ್ತೆ ನೊರೆ, ಒಂದು ದೊಡ್ಡ ಗುಳ್ಳೆ, ಆಮೇಲೆ ಎಣ್ಣೆ ದಾರದ ಹಾಗೆ ತೆಳ್ಳಗೆ, ಸದ್ದಿಲ್ಲದೆ ಇಳಿಯತೊಡಗಿತು. ಇನ್ನೂ ಸ್ವಲ್ಪ ಕಾದಳು. ಬಿಗಿದಳು. ಕರೆಂಟ್ ಹಾಕಿ ಒತ್ತಿದಳು.

ಪಂಪ್ ಈ ಸಲ ಅಳಲಿಲ್ಲ, ದಪ್ಪ ದನಿಯಲ್ಲಿ ಗುನುಗಿತು. ಕಿಡಿಯ ಟಿಕ್ ಟಿಕ್ ಕೇಳಿಸಿತು. ಏನೂ ಇಲ್ಲ. ಆಮೇಲೆ ಯಾರೋ ದಪ್ಪ ರಗ್ಗು ಕೊಡವಿದ ಹಾಗೆ, ಧಬ್.

"ಹತ್ತಿತು," ಅಂದಳು ಊನಜ್ಜಿ, ಇವಳು ಹೇಳುವ ಮೊದಲೇ. "ನರ್ಸ್ ಬಂದ್ರೆ ಬೆಳಿಗ್ಗೆಯಿಂದ ಹೀಗೇ ಉರೀತಿದೆ ಅನ್ನು."

"ಬಂದಿದೀನಿ," ಅಂದಳು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಓರ್ಲಾ.

ಆ ಕಡೆ ಊನಜ್ಜಿ ತಟ್ಟನೆ ಫೋನ್ ಇಟ್ಟುಬಿಟ್ಟಳು.

ಓರ್ಲಾ ಒಳಗೆ ಹೋಗಿ ಥರ್ಮಾಮೀಟರ್ ಮೇಜಿನ ಮೇಲಿಟ್ಟಳು. ಹತ್ತು ಡಿಗ್ರಿ. ಕೋಟು ತೆಗೆಯದೆ, ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರಿಗೆ ಬೆನ್ನು ಕೊಟ್ಟು ಕೂತಳು. "ನನ್ನ ಇವತ್ತಿನ ಕೊನೇ ಮನೆ ಇದು, ಮಿಸ್ ಮೆಕ್ಅಲೀರ್. ಇಪ್ಪತ್ತು ಡಿಗ್ರಿ ಆಗೋವರೆಗೂ ಕೂತಿರ್ತೀನಿ. ಟೀ ಇದ್ಯಾ?" ಅಂತ ಡಿಂಪ್ನಜ್ಜಿಯನ್ನು ಕೇಳಿದಳು.

ಟೀ ಆಯಿತು, ಸೋಡಾ ಬ್ರೆಡ್ ಆಯಿತು, ಗೋಡೆಯೊಳಗೆ ಕೊಳವೆಗಳು ಟಕಟಕ ಅಂದವು. ಡಿಂಪ್ನಜ್ಜಿ ಥರ್ಮಾಮೀಟರ್ ಬಿಟ್ಟು ಬೇರೇನೂ ನೋಡಲಿಲ್ಲ. ಹದಿನಾಲ್ಕರಲ್ಲಿ ಅದು ಎಷ್ಟೋ ಹೊತ್ತು ನಿಂತೇಬಿಟ್ಟಿತು. ಆಮೇಲೆ ಹದಿನೇಳಾಯಿತು, ಹತ್ತೊಂಬತ್ತಾಯಿತು, ಕೊನೆಗೆ ಇಪ್ಪತ್ತಾಯಿತು. ಓರ್ಲಾ ಎದ್ದು ಕೋಟು ಬಿಚ್ಚಿದಳು, ವಾರ್ಡಿಗೆ ಫೋನ್ ಮಾಡಿ ನಾಳೆ ಬೆಳಿಗ್ಗೆ ಕಳಿಸಿ ಅಂದಳು, ಆಮೇಲೆ ಊನಜ್ಜಿಗೇ ಕೊಡಿ ಅಂದಳು.

"ಇನ್ಮೇಲೆ ನನ್ನ ಹತ್ರ ಸುಳ್ಳು ಹೇಳಬೇಡಿ," ಅಂದಳು.

"ಇಲ್ಲಮ್ಮ," ಅಂದಳು ಊನಜ್ಜಿ ತುಂಬ ವಿನಯದಿಂದ. "ನಮ್ಮ ಡಿಂಪ್ನಾ ಹುಡುಗಿ ಜಾಸ್ತಿ ಹೊತ್ತು ಉರಿಸ್ತಾ ಕೂರದ ಹಾಗೆ ನೋಡ್ಕೊಳ್ಳಿ. ಇರೋದು ಎರಡೇ ಕ್ಯಾನು."

ಆ ಹುಡುಗಿಗೆ ಆಗ ಎಪ್ಪತ್ತಮೂರು.