ಒಂದೇ ಕಣ್ಣಿಗೆ ಎರಡು ಗುಳ್ಳೆ

ಕಟ್ಟಡ ಕೆಲಸದವರೆಲ್ಲ ಅವಳನ್ನು ಕ್ರೇನಕ್ಕ ಎಂದೇ ಕರೆಯುತ್ತಿದ್ದರು. ಅಷ್ಟೆತ್ತರದ ಗಾಜಿನ ಗೂಡಿನಲ್ಲಿ ಕೂತು ಉಕ್ಕಿನ ತೊಲೆಯನ್ನು ಹೂವಿನ ಹಾಗೆ ಇಳಿಸುವವಳು. ಅವಳ ಕೈ ನಡುಗಿದ್ದನ್ನು ಕಂಡವರಿರಲಿಲ್ಲ.

ಒಂದು ಮಧ್ಯಾಹ್ನ, ತೊಲೆ ಇನ್ನೂ ಗಾಳಿಯಲ್ಲಿ ತೂಗುತ್ತಿರುವಾಗಲೇ, ಬಲಗಣ್ಣಿನ ಕೆಳಗಡೆಯಿಂದ ಕಪ್ಪು ಪರದೆಯೊಂದು ಮೇಲೇರತೊಡಗಿತು. ಉಜ್ಜಿಕೊಂಡಳು, ಹೋಗಲಿಲ್ಲ. ಕೆಳಗೆ ನಿಂತ ಜನ ಆ ಕಪ್ಪಿನಲ್ಲಿ ಮುಳುಗಿಹೋದರು. ಎಡಗಣ್ಣೊಂದನ್ನೇ ನಂಬಿ ತೊಲೆ ಇಳಿಸಿದಳು. ಆಮೇಲೆ ಒಂದೊಂದೇ ಮೆಟ್ಟಿಲು ತಡವಿ ಏಣಿ ಇಳಿದಳು.

ಕಣ್ಣಾಸ್ಪತ್ರೆಯಲ್ಲಿ ಡಾಕ್ಟರಮ್ಮ ದೀಪ ಬಿಟ್ಟು ನೋಡಿದರು. "ಕಣ್ಣಿನ ಹಿಂದಿನ ಗೋಡೆಗೆ ಅಂಟಿಕೊಂಡಿರೋ ತೆಳು ಪದರ, ರೆಟಿನಾ, ಮೇಲ್ಗಡೆ ಹರಿದು ಗೋಡೆ ಬಿಟ್ಟಿದೆ. ಗ್ಯಾಸಿನ ಗುಳ್ಳೆಯಿಂದ ಒತ್ತಿ ಹಿಡೀಬೇಕು. ಅದಕ್ಕೆ ಎರಡು ದಾರಿ. ಇಲ್ಲೇ ಸೂಜಿಯಲ್ಲಿ ಪುಟ್ಟ ಗುಳ್ಳೆ ಬಿಟ್ಟು, ಹರಿದ ಕಡೆ ಲೇಸರ್ ಹಾಕೋದು ಒಂದು. ಸಲೀಸು, ಆದ್ರೆ ಒಮ್ಮೊಮ್ಮೆ ಕೈ ಕೊಡತ್ತೆ. ಇನ್ನೊಂದು ಆಪರೇಷನ್. ಒಳಗಿನ ಲೋಳೆ ತೆಗೆದು ಕಣ್ಣಿಗೇ ಗ್ಯಾಸ್ ತುಂಬೋದು. ಒಂದೇ ಸಲಕ್ಕೆ ಪದರ ಕೂಡೋ ಸಂಭವ ಜಾಸ್ತಿ, ಆದ್ರೆ ಆಮೇಲೆ ಪೊರೆ ಬೇಗ ಬರತ್ತೆ."

"ಸೂಜಿನಾ? ಕಣ್ಣೊಳಗೇನಾ?" ಕ್ರೇನಕ್ಕ ಕೈಯಿಂದ ಕಣ್ಣು ಮುಚ್ಚಿಕೊಂಡಳು.

"ನೋವಾಗದ ಹಾಗೆ ಮರಗಟ್ಟಿಸ್ತೀವಿ. ಯಾವುದು ಅಂತ ನೀವೇ ಹೇಳ್ಬೇಕು."

ಬೇಕರಿಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದಿದ್ದ ಗಂಡ, "ಗಟ್ಟಿಯಾದ್ದೇ, ಆಪರೇಷನ್ನೇ ಮಾಡಿಸ್ಕೊಂಡುಬಿಡೇ" ಎಂದ.

"ಕಣ್ಣು ನಿಮ್ದಾ, ನಂದಾ?" ಎಂದು ಸಿಡುಕಿ ಅವಳು ಸೂಜಿಯನ್ನೇ ಆರಿಸಿಕೊಂಡಳು. ಕೆಲಸಕ್ಕೆ ಬೇಗ ಮರಳುವ ಆಸೆ.

ಸೂಜಿ ಹಾಕಿಸಿಕೊಂಡ ಮೇಲೆ, ಹೇಳಿದಂತೆ ತಲೆ ಓರೆಯಾಗಿಟ್ಟುಕೊಂಡೇ ಉಂಡಳು, ಮಲಗಿದಳು. ಗುಳ್ಳೆ ಒಳಗೆ ಮೇಲೇರಿದ್ದರೂ ಅವಳಿಗೆ ಕಾಣುತ್ತಿದ್ದದ್ದು ಕೆಳಗೆ, ನೀರಿನ ಹನಿಯಂತೆ ಕುಲುಕುತ್ತ. ಕಪ್ಪು ಪರದೆ ಸರಿಯಿತು. ಗಂಡನ ಮೂಗು ಕಂಡಾಗ, "ಇಷ್ಟು ದಪ್ಪ ಇತ್ತಾ ಇದು!" ಎಂದು ನಕ್ಕಳು.

ಮುಂದಿನ ವಾರ ಮುಖ ತೊಳೆಯುವಾಗ ಪರದೆ ಮತ್ತೆ ಬಂತು. ಈ ಸಲ ಮೇಲಿನಿಂದ. ಚೊಂಬು ಕೈಯಿಂದ ಜಾರಿ ಬಿತ್ತು. ಗಂಡನನ್ನು ಕೂಗಿದಳು.

"ಕೆಳಗಡೆ ಹೊಸದಾಗಿ ಹರಿದಿದೆ. ನಿಮ್ಮ ತಪ್ಪೇನಿಲ್ಲ," ಎಂದರು ಡಾಕ್ಟರಮ್ಮ. ಗಂಡ ಹಾಗಂದಿದ್ದೆ, ಹೀಗಂದಿದ್ದೆ ಎನ್ನಲಿಲ್ಲ. ಅವಳ ಚಪ್ಪಲಿ ಸರಿಮಾಡಿ ಕೊಟ್ಟ.

ಆಪರೇಷನ್ ಆಯಿತು. ಈ ಗ್ಯಾಸು ಕರಗಲು ವಾರಗಟ್ಟಲೆ ಬೇಕು. ಮೊದಮೊದಲು ಮುಖ ಕೆಳಗೆ ಹಾಕಿಯೇ ಇರಬೇಕು. ಗಂಡ ನೆಲದ ಮೇಲೆ ತಟ್ಟೆಯಿಟ್ಟು ತಾನೂ ಬೋರಲು ಮಲಗಿ ಜೊತೆಗೆ ಉಂಡ.

ಪದರ ಕೂಡಿತು. ದೃಷ್ಟಿ ಮಾತ್ರ ಪೂರ್ತಿ ಬರಲಿಲ್ಲ. ನೆಟ್ಟಗಿನ ಕಂಬವೂ ಸೊಟ್ಟ ಕಾಣುತ್ತಿತ್ತು. ಇನ್ನು ಕ್ರೇನ್ ಹತ್ತುವಂತಿಲ್ಲ ಎಂದು ಮೇಸ್ತ್ರಿ ಹೇಳಿದಾಗ ಅವಳಿಗೆ ಅದು ಯಾರದೋ ಸುದ್ದಿ ಕೇಳಿದಂತಾಯಿತು.

ಈಗ ನೆಲದ ಮೇಲೆ ನಿಂತು ಬಾವುಟ ಬೀಸಿ ಮೇಲಿನವರಿಗೆ ಸನ್ನೆ ಮಾಡುತ್ತಾಳೆ. ಯಾವ ಗುಳ್ಳೆ ಒಳ್ಳೇದಕ್ಕಾ ಎಂದು ಯಾರಾದರೂ ಕೇಳಿದರೆ, "ಡಾಕ್ಟರನ್ನ ಕೇಳ್ರಪ್ಪ. ಪರದೆ ಕಂಡ್ರೆ ಮಾತ್ರ ಕಾಯಬೇಡಿ," ಎನ್ನುತ್ತಾಳೆ.