ಖಾಕಿ ಹೊದಿಕೆಯೊಳಗಿನ ಕಾದಂಬರಿ

ನನ್ನ ಕೈಚೀಲದಲ್ಲಿ ಕನ್ನಡಕ, ನೀರಿನ ಬಾಟಲಿ, ಬಸ್ಸಿಗೆ ಬೇಕಾಗುವ ಚಿಲ್ಲರೆ ಇವುಗಳ ನೆರೆಯಲ್ಲಿ ಖಾಕಿ ಹಾಳೆಯ ಸುರುಳಿಯೊಂದು ಬಹುಕಾಲದಿಂದ ವಾಸವಾಗಿದೆ. ಜೂನ್ ತಿಂಗಳಲ್ಲಿ ಶಾಲೆಗಳು ತೆರೆದಾಗ ಮಕ್ಕಳ ಪಠ್ಯಪುಸ್ತಕಗಳಿಗೆ ಹೊದಿಸುತ್ತಾರಲ್ಲ, ಅದೇ ಹಾಳೆ. ಒಂದು ಮಗ್ಗುಲು ನುಣುಪು, ಇನ್ನೊಂದು ಒರಟು. ಮೂಗಿಗೆ ಹಿಡಿದರೆ ಹೊಸ ತರಗತಿಯ ವಾಸನೆ. ನನ್ನ ಮನೆಯಲ್ಲಿ ಶಾಲೆಗೆ ಹೋಗುವವರಿಲ್ಲ. ಆದರೂ ವರ್ಷವಿಡೀ ಈ ಹಾಳೆ ನನಗೆ ಬೇಕಾಗುತ್ತಿತ್ತು. ಯಾಕೆಂದರೆ, ಮಿತ್ರರೇ, ಬೆಟಗೇರಿಯ ಓಣಿಯೊಂದರಲ್ಲಿ, ಪರಿಚಿತರು ಬಿಟ್ಟುಕೊಟ್ಟ ಪಡಸಾಲೆಯಲ್ಲಿ, ಭಾನುವಾರಕ್ಕೊಮ್ಮೆ ತೆರೆಯುವ ಪುಟ್ಟ ವಾಚನಾಲಯವೊಂದನ್ನು ನಾನು ನಡೆಸುತ್ತೇನೆ. ಅಲ್ಲಿ ಅತಿ ಹೆಚ್ಚು ಓಡಾಡುವ ಪುಸ್ತಕಗಳು ಮುಖ ತೋರಿಸಿಕೊಂಡು ಮನೆಗಳಿಗೆ ಹೋಗಲಾರವು.

ಯಾವ ಪುಸ್ತಕಗಳೆಂದರೆ, ಹದಿಹರೆಯದವರನ್ನು ಕುರಿತು ಹದಿಹರೆಯದವರಿಗಾಗಿ ಬರೆದ, ಒಲವೂ ರಹಸ್ಯವೂ ಒಂದೇ ಜಡೆಯಲ್ಲಿ ಹೆಣೆದುಕೊಂಡ ಕಾದಂಬರಿಗಳು. ಮುಖಪುಟದಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ, ಅವರ ಹಿಂದೆ ಒಂದು ನೆರಳು. ವಾಚನಾಲಯ ತೆರೆದಾಗ ನಮ್ಮ ಕಪಾಟಿನಲ್ಲಿ ಜೀವನಚರಿತ್ರೆಗಳಿದ್ದವು, ಆರೋಗ್ಯ ಶಿಕ್ಷಣವಿತ್ತು, ಸಂವಿಧಾನವನ್ನು ಸರಳವಾಗಿ ವಿವರಿಸುವ ಪುಸ್ತಕಗಳಿದ್ದವು. ಅವು ಇಂದಿಗೂ ಹೊಸದಾಗಿಯೇ ಇವೆ. ಬಂದ ಹುಡುಗಿಯರು ಕೇಳಿದ್ದು ಬೇರೆಯದನ್ನು. ಕೇಳಿದ್ದನ್ನು ಕೊಡುವ ಮೊದಲು ಓದಿ ನೋಡಬೇಕೆಂಬ ಕರ್ತವ್ಯಬುದ್ಧಿಯಿಂದ ಅಂಥದೊಂದು ಕಾದಂಬರಿಯನ್ನು ಲಕ್ಷ್ಮೇಶ್ವರದ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ತೆರೆದೆ. ಗದಗಿನ ಬಸ್ಸು ಬಂದಿತು, ನಿಂತಿತು, ಕಂಡಕ್ಟರು ಕೂಗಿದರು, ಬಸ್ಸು ಹೊರಟಿತು. ಇದೆಲ್ಲವನ್ನೂ ನಾನು ಯಾರದೋ ಊರಿನ ಸುದ್ದಿಯೆಂಬಂತೆ ಕೇಳಿಸಿಕೊಂಡು ಪುಟ ತಿರುಗಿಸಿದೆ. ಮುಂದಿನ ಬಸ್ಸು ಬರುವ ಹೊತ್ತಿಗೆ ಕರ್ತವ್ಯ ಕರಗಿ ಚಟವಾಗಿತ್ತು. ಕಾಲೇಜಿನಲ್ಲಿ ಪಾಠ ಹೇಳುವ, ತಲೆಯಲ್ಲಿ ಒಂದೆರಡು ಬಿಳಿಕೂದಲು ಮೂಡಿದ ಹೆಂಗಸು ಇಂಥ ಪುಸ್ತಕಗಳ ಪರಮ ಭಕ್ತೆಯಾದದ್ದು ಹೀಗೆ. ಅದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

ವಿದ್ಯಾರ್ಥಿ ದೆಸೆಯಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಪರ ಮಾತನಾಡುವ ಮೊದಲು ವಿರೋಧವನ್ನು ಅದರ ಪೂರ್ಣ ಬಲದಲ್ಲಿ ನಿಲ್ಲಿಸಬೇಕೆಂದು ಕಲಿತವಳು. ಇವು ಎಳೆಯ ಮನಸ್ಸನ್ನು ಕೆಡಿಸುತ್ತವೆ, ಇಲ್ಲದ ಆಸೆ ಹುಟ್ಟಿಸುತ್ತವೆ, ಓದಬೇಕಾದುದನ್ನು ಮರೆಸುತ್ತವೆ ಎನ್ನುತ್ತಾರೆ. ಇರಬಹುದು. ಆದರೆ ಈ ಕಾದಂಬರಿಗಳ ಹೊಟ್ಟೆಯೊಳಗಿನ ಪ್ರಶ್ನೆ ಏನೆಂದು ನೋಡಿ. ಗೆಳತಿ ಕಾಣೆಯಾಗಿದ್ದಾಳೆ, ಹುಡುಕಲು ಹೊರಟ ನಾಯಕಿಗೆ ಒಬ್ಬ ಹುಡುಗನ ಮೇಲೆ ಮನಸ್ಸಾಗಿದೆ, ಸಾಕ್ಷ್ಯಗಳೆಲ್ಲ ಬೆರಳು ತೋರಿಸುವುದು ಅವನತ್ತಲೇ. ಇವನನ್ನು ನಂಬಬಹುದೇ? ಪ್ರೇಮಕಥೆಯ ಪ್ರಶ್ನೆಯೂ ಅದೇ, ರಹಸ್ಯಕಥೆಯ ಪ್ರಶ್ನೆಯೂ ಅದೇ. ಎರಡು ಬಗೆಯ ಕಥೆಗಳು ಒಂದೇ ಪುಸ್ತಕದಲ್ಲಿ ಸಂಸಾರ ಹೂಡಿರುವುದು ಅದಕ್ಕಾಗಿಯೇ ಎಂದು ನನ್ನ ನಂಬಿಕೆ. ಯಾರನ್ನು ನಂಬಬೇಕೆಂದು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಹೇಳಿಕೊಡುತ್ತೇವೆ. ನಂಬಿಕೆಗೆ ಅರ್ಹರು ಯಾರೆಂದು ತಾವೇ ಅಳೆದು ನೋಡುವುದನ್ನು ಹೇಳಿಕೊಡುವುದಿಲ್ಲ. ಆ ಕೊರತೆಯನ್ನು ಇನ್ನೂರು ಪುಟಗಳ ಅಗ್ಗದ ಪುಸ್ತಕವೊಂದು ತುಂಬುತ್ತಿದ್ದರೆ ಅದನ್ನು ಕಪಾಟಿನಿಂದ ಇಳಿಸುವ ಅಧಿಕಾರ ನನಗೆ ಎಲ್ಲಿಯದು?

ಹೀಗೆ ವಾದ ಮಂಡಿಸುತ್ತಿದ್ದ ನಾನೇ ಆ ಪುಸ್ತಕಗಳಿಗೆ ಖಾಕಿ ಹೊದಿಸಿ ಕೊಡುತ್ತಿದ್ದೆ. ಅದರಲ್ಲಿ ಅಸಂಗತವಾದದ್ದೇನೂ ನನಗೆ ಕಂಡಿರಲಿಲ್ಲ. ಹುಡುಗಿಯರು ಕೇಳಿದರು, ನಾನು ಒಪ್ಪಿದೆ. ಖಾಕಿ ಹೊದ್ದ ಪುಸ್ತಕ ಯಾವ ಮನೆಯಲ್ಲೂ ಅರ್ಥಶಾಸ್ತ್ರದಂತೆಯೇ ಕಾಣುತ್ತದೆ. ಹಾಳೆಯನ್ನು ಪೂರೈಸುತ್ತಿದ್ದವಳು ಅಸುಂಡಿಯ ಸವಿತಾ. ಪಿಯುಸಿ ಎರಡನೆಯ ವರ್ಷದ ಹುಡುಗಿ. ಮಾತು ಕಡಿಮೆ, ಓದು ಬಿರುಸು. ಅವಳ ತಂದೆ ಶಿವಪ್ಪನವರದು ಊರಿನಲ್ಲಿ ಕಿರಾಣಿ ಅಂಗಡಿ. ಬೇಳೆ ಬೆಲ್ಲಗಳ ಜೊತೆ ನೋಟ್‌ಬುಕ್ಕು, ಪೆನ್ನು, ಖಾಕಿ ಹಾಳೆಗಳೂ ಅಲ್ಲಿ ಸಿಗುತ್ತವೆ. ವಾರಕ್ಕೊಮ್ಮೆ ಅವಳು ತಂದು ಕೊಡುವ ಸುರುಳಿಗೆ ನಾನು ಬೆಲೆ ಕೊಡಹೋದರೆ, ಅಂಗಡಿ ತಮ್ಮದೇ ಎಂದು ನಗುತ್ತಿದ್ದಳು. ಅಪ್ಪನಿಂದ ಮುಚ್ಚಿಡಬೇಕಾದ ಪುಸ್ತಕ ಅಪ್ಪನ ಹಾಳೆಯಲ್ಲಿಯೇ ಮುಚ್ಚಿಕೊಳ್ಳುತ್ತಿತ್ತು.

ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ಶಿವಪ್ಪನವರು ಸ್ವತಃ ವಾಚನಾಲಯಕ್ಕೆ ಬಂದರು. ಹಿಂದೆ ಸವಿತಾ. ಕೈಯಲ್ಲಿದ್ದ ಖಾಕಿ ಹೊದಿಕೆಯ ಪುಸ್ತಕವನ್ನು ಅವರು ನನ್ನ ಮೇಜಿನ ಮೇಲಿಟ್ಟರು, ಕುರ್ಚಿ ತೋರಿಸಿದರೂ ಕೂರಲಿಲ್ಲ. ನಮ್ಮ ಕಡೆ ಹೆಣ್ಣು ಶಿಕ್ಷಕರನ್ನು ಕರೆಯುವ ಹಾಗೆ ನನ್ನನ್ನು ಅಕ್ಕಾರ ಎಂದು ಕರೆದು, ಬಂದ ಕಾರಣವನ್ನು ಪೀಠಿಕೆಯಿಲ್ಲದೆ ಹೇಳಿದರು.

“ಜೂನ್ ಮುಗದ ಮ್ಯಾಲ ಖಾಕಿ ಹಾಳಿ ಯಾರೂ ಕೇಳೂದಿಲ್ರಿ ಅಕ್ಕಾರ. ಉಳದ ಮಾಲು ಮುಂದಿನ ವರ್ಷದ ತನಕ ಹಂಗ ಬಿದ್ದಿರತೈತಿ. ಈ ವರ್ಷ ಬೀಳವಲ್ದು, ಸವೀಲಿಕ್ಕೆ ಹತ್ತೇತಿ. ಇಲಿ ತಿಂದ್ರ ಚೂರರ ಬೀಳಬೇಕಲ್ಲ? ಅದೂ ಇಲ್ಲ. ಆಮ್ಯಾಲ ನೋಡಿದ್ನಿ, ನಮ್ಮ ಸವಿತಾನ ಹತ್ರ ವಾರಕ್ಕೊಂದು ಹೊಸಾ ಪಠ್ಯಪುಸ್ತಕ.”

ಪತ್ತೇದಾರಿ ಕಾದಂಬರಿಗಳನ್ನು ಅಷ್ಟೊಂದು ಓದಿದ ನಾವಿಬ್ಬರೂ ಬಿಟ್ಟ ಸುಳಿವನ್ನು, ಅಂಥದೊಂದನ್ನೂ ಓದದ ಮನುಷ್ಯ ಹಿಡಿದಿದ್ದರು. ನಗು ಬರಬೇಕಾದ ಸಂದರ್ಭ, ಬರಲಿಲ್ಲ. ಏಕೆಂದರೆ ಮುಂದಿನ ಮಾತಿಗೆ ಸವಿತಾಳ ಭಾನುವಾರಗಳೆಲ್ಲ ಜೋತುಬಿದ್ದಿದ್ದವು. ಅವಳ ಸೋದರತ್ತೆ ಆಗಲೇ, ಇಂಥ ಹುಡುಗಿಯನ್ನು ಪರೀಕ್ಷೆ ಮುಗಿಯುವವರೆಗೆ ಮನೆಬಿಟ್ಟು ಕಳಿಸಬಾರದು, ಮುಗಿದ ಮೇಲೆ ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ತೀರ್ಪು ಕೊಟ್ಟಾಗಿತ್ತಂತೆ.

“ಇದನ್ನ ನಾನು ತಗದು ನೋಡಿಲ್ರಿ. ಮಗಳ ಚೀಲಕ್ಕ ಕೈ ಹಾಕಿದ್ದ ನನಗ ಹೇಸಿಕಿ ಅನಿಸೇತಿ. ನೀವ ತಗೀರಿ,” ಎಂದರು.

ಹೊದಿಕೆ ತೆಗೆದೆ. ಹುಡುಗ, ಹುಡುಗಿ, ಒಂದೇ ಸೈಕಲ್ಲು. ಹಿಂದೆ ಕತ್ತಲೆ ಕವಿದ ಹೊಳೆ. ಶಿವಪ್ಪನವರು ಬಹಳ ಹೊತ್ತು ನೋಡಿದರು. ಇಷ್ಟರಲ್ಲಿ ನಾನು ಮನಸ್ಸಿನಲ್ಲಿಯೇ ವೇದಿಕೆ ಹತ್ತಿ, ಮೇಲೆ ಹೇಳಿದ ವಾದಗಳನ್ನೆಲ್ಲ ಕ್ರಮವಾಗಿ ಜೋಡಿಸಿಕೊಂಡಿದ್ದೆ. ಮೊದಲನೆಯದನ್ನು ಆರಂಭಿಸಿದೆ ಕೂಡ: ಇದರಲ್ಲಿ ಕೆಟ್ಟದ್ದೇನೂ ಇಲ್ಲ, ನಾನೇ ಓದಿ ನೋಡಿ ಕೊಟ್ಟಿದ್ದೇನೆ ಎಂದೆ.

“ಕೆಟ್ಟದ್ದಿಲ್ಲ ಅಂದ್ರ ಮುಚ್ಚಿ ಯಾಕ ಕೊಟ್ರಿ?”

ಚರ್ಚೆಯಲ್ಲಿ ಇಂಥ ಪ್ರಶ್ನೆ ಬಂದಾಗ ಅದನ್ನು ತಪ್ಪಿಸಿಕೊಂಡು ಪಕ್ಕಕ್ಕೆ ಸರಿಯುವ ಉಪಾಯಗಳು ನನಗೆ ಗೊತ್ತು. ಅವುಗಳಲ್ಲಿ ಒಂದನ್ನೂ ಬಳಸುವ ಮನಸ್ಸಾಗಲಿಲ್ಲ. “ತೆರೆದು ಕೊಟ್ಟಿದ್ರ ನೀವು ಓದಾಕ ಬಿಡ್ತಿದ್ರೇನು ಅಣ್ಣಾರ?” ಎಂದು ಕೇಳಿದೆ.

“ಬಿಡತಿದ್ದಿಲ್ಲ,” ಎಂದರು. “ಅದೂ ಖರೆ.”

ಇಬ್ಬರೂ ನಿಜ ಹೇಳಿಬಿಟ್ಟ ಮೇಲೆ ವಾದಕ್ಕೆ ನಿಲ್ಲಲು ನೆಲವೇ ಉಳಿಯುವುದಿಲ್ಲ. ಆಗ ಕಪಾಟಿಗೆ ಒರಗಿ ನಿಂತಿದ್ದ ಸವಿತಾ ಬಾಯಿ ತೆರೆದಳು.

“ಅಪ್ಪಾ, ಇಲ್ಲಿ ಬರೂದು ಬಿಡಸೂದಾದ್ರ ಬಿಡಸು. ಆದ್ರ ಇದೊಂದು ಮುಗಿಸಾಕ ಬಿಡು. ಗೆಳತಿ ಇನ್ನೂ ಸಿಕ್ಕಿಲ್ಲ.”

ಅತ್ತೆಯ ತೀರ್ಪು, ಮುಂದಿನ ಭಾನುವಾರಗಳು, ಮದುವೆಯ ಮಾತು ಯಾವುದನ್ನೂ ಅವಳು ಎತ್ತಲಿಲ್ಲ. ಕೇಳಿದ್ದು ಕಾಣೆಯಾದ ಆ ಹುಡುಗಿಯನ್ನು ನಡುದಾರಿಯಲ್ಲಿ ಬಿಟ್ಟುಹೋಗದ ಅವಕಾಶವೊಂದನ್ನು. ಓದುವ ಉತ್ಸಾಹವೆಂದರೆ ಏನೆಂದು ನನ್ನನ್ನು ಯಾರಾದರೂ ಕೇಳಿದರೆ ಆ ಮಾತನ್ನೇ ಹೇಳುತ್ತೇನೆ. ಶಿವಪ್ಪನವರು ಮೊದಲ ಬಾರಿಗೆ ಕುರ್ಚಿ ಎಳೆದುಕೊಂಡು ಕೂತರು. ಯಾವ ಗೆಳತಿ, ಎಲ್ಲಿ ಹೋದಳು, ಈ ಸೈಕಲ್ಲಿನ ಹುಡುಗ ಯಾರು ಎಂದು ವಿಚಾರಿಸಿದರು. ಆ ಹುಡುಗನ ಮೇಲೆಯೇ ಎಲ್ಲರಿಗೂ ಸಂಶಯವಿದೆ ಎಂದೆ. “ಇರಬೇಕಾದ್ದ ಮತ್ತ,” ಎಂದರು. ಕಡೆಗೆ ಅವರು ಕೊಟ್ಟ ತೀರ್ಪು ನಾನು ಹೆದರಿದ್ದಕ್ಕಿಂತ ಸೌಮ್ಯವೂ ಆಗಿತ್ತು, ಕಠಿಣವೂ ಆಗಿತ್ತು: ಓದಲಿ, ಆದರೆ ಮಧ್ಯಾಹ್ನ ಅಂಗಡಿಯಲ್ಲಿ, ಅವರ ಮುಂದೆ, ಎಲ್ಲರಿಗೂ ಕೇಳುವಂತೆ, ಮೊದಲ ಪುಟದಿಂದ.

ಸವಿತಾ ನನ್ನತ್ತ ನೋಡಿದ ನೋಟ ಇನ್ನೂ ನೆನಪಿದೆ. ಹುಡುಗ ಹುಡುಗಿ ಇಬ್ಬರೇ ಇರುವ ಹೊಳೆದಂಡೆಯ ಅಧ್ಯಾಯವೊಂದಿದೆ ಆ ಪುಸ್ತಕದಲ್ಲಿ. ಅದನ್ನು ಅಪ್ಪನೆದುರು ಜೋರಾಗಿ ಓದುವುದು ಯಾವ ಮಗಳಿಗೂ ಶಿಕ್ಷೆಯೇ. ಹುಡುಗಿ ತಾನಾಗಿಯೇ ಪುಸ್ತಕ ಮುಚ್ಚಿಬಿಡಲೆಂದು ಹೂಡಿದ ಜಾಣತನವಿದು ಎಂದು ನಾನೂ ತಿಳಿದೆ. ಆದರೆ ಅವಳು ಓದಿದಳು. ನಂತರದ ಸಂಗತಿಗಳನ್ನು ಅವಳ ಬಾಯಿಂದಲೇ ಕೇಳಿದ್ದೇನೆ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು, ಜೋಳದ ಚೀಲದ ಮೇಲೆ ಕೂತು ಓದು ಆರಂಭ. ಮೊದಲ ದಿನ ಶಿವಪ್ಪನವರು ಕೇಳುತ್ತಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಎರಡನೆಯ ದಿನ ಕಾದಂಬರಿಯ ಟ್ಯೂಶನ್ ಮಾಸ್ತರನ ಮೇಲೆ ಸಂಶಯ ವ್ಯಕ್ತಪಡಿಸಿದರು. ಹೊಳೆದಂಡೆಯ ಅಧ್ಯಾಯ ಬಂದಾಗ ಯಾರೂ ಕೇಳದ ಬೆಲ್ಲವನ್ನು ತಕ್ಕಡಿಗಿಟ್ಟು ತೂಗತೊಡಗಿದರು. ಸವಿತಾ ಕಣ್ಣು ಮುಚ್ಚಿಕೊಂಡವಳಂತೆ ಸಾಲುಗಳ ಮೇಲೆ ಓಡಿದಳು. ಎಣ್ಣೆ ಬಾಟಲಿ ಹಿಡಿದು ಬಂದು, ಎಣ್ಣೆಯ ಮಾತೇ ಮರೆತು ಕಟ್ಟೆಗೆ ಒರಗಿದ್ದ ಎದುರು ಮನೆಯ ಬಸವ್ವ ತಡೆದಳಂತೆ: “ಸಾವಕಾಶ ಓದಲೇ ಹುಡುಗಿ. ಅಂವ ಕೈ ಹಿಡದನೋ ಇಲ್ಲೋ, ಒಂದೂ ತಿಳಿವಲ್ದು.”

ಹಿಡಿದಿರಲಿಲ್ಲ. ಹಿಡಿಯಬಹುದೇ ಎಂದು ಕೇಳಿದ್ದ. ನಾಯಕಿ, ಗೆಳತಿ ಸಿಗುವವರೆಗೆ ಆ ಪ್ರಶ್ನೆಗೆ ಉತ್ತರವಿಲ್ಲ ಎಂದಿದ್ದಳು. ಸವಿತಾ ಆ ಪುಟವನ್ನು ಮತ್ತೊಮ್ಮೆ, ಈ ಸಲ ನಿಧಾನವಾಗಿ, ಓದಿದಳು. ತಕ್ಕಡಿ ನಿಂತಿತ್ತು. ಶಿವಪ್ಪನವರು ಬೆಲ್ಲವನ್ನು ಡಬ್ಬಿಗೆ ಮರಳಿ ಹಾಕಿದರು. ಇವನನ್ನು ನಂಬಬಹುದೇ ಎಂದು ಅಳೆಯುತ್ತಿದ್ದ ಆ ಕಾದಂಬರಿಯ ಹುಡುಗಿಗಿಂತ, ಇವಳನ್ನು ನಂಬಬಹುದೇ ಎಂದು ಅಳೆಯುತ್ತಿದ್ದ ಈ ತಂದೆಯ ಕಥೆಯೇ ನನ್ನನ್ನು ಹೆಚ್ಚು ತುದಿಗಾಲಲ್ಲಿ ನಿಲ್ಲಿಸಿತ್ತು ಎಂದರೆ ನೀವು ನಂಬಬೇಕು.

ಮರು ಭಾನುವಾರ ಶಿವಪ್ಪನವರು ಮತ್ತೆ ಬಂದರು. ಗೆಳತಿ ಜೀವಂತ ಸಿಕ್ಕಿದ್ದಳು. ಸೈಕಲ್ಲಿನ ಹುಡುಗ ನಿರಪರಾಧಿ. ಅಪರಾಧಿ ಆ ಊರಿನ ದೊಡ್ಡ ಕಿರಾಣಿ ವ್ಯಾಪಾರಿ. (ಈ ಕಾದಂಬರಿ ಮುಂದೆ ನಿಮ್ಮ ಕೈಗೆ ಬಂದರೆ ಹಿಂದಿನ ವಾಕ್ಯವನ್ನು ದಯವಿಟ್ಟು ಮರೆತುಬಿಡಿ.) ಶಿವಪ್ಪನವರ ಆಕ್ಷೇಪಣೆ ಈಗ ಒಂದೇ ಆಗಿತ್ತು. “ಬರ್ಯಾವ್ರಿಗೆ ಅಂಗಡಿಯವ್ರ ಮ್ಯಾಲ ಏನು ಸಿಟ್ಟೈತ್ರಿ ಅಕ್ಕಾರ? ಮಾಸ್ತರನ್ನ ಮಾಡಬೇಕಿತ್ತು.” ಮಾಸ್ತರರ ಪರವಾಗಿ ನಾನು ಪ್ರತಿಭಟಿಸಿದೆ. ಮಗಳು ಇನ್ನು ಮುಂದೆಯೂ ಬರುವಳೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಪುಸ್ತಕವನ್ನು ಮೇಜಿನ ಮೇಲಿಟ್ಟರು, ಅಷ್ಟೇ. ಅದಕ್ಕೆ ಹೊಸ ಹೊದಿಕೆ ಬಂದಿತ್ತು. ಖಾಕಿಯದಲ್ಲ, ಆರಪಾರು ಕಾಣುವ ಪ್ಲಾಸ್ಟಿಕ್ಕಿನದು. ಪೊಟ್ಟಣ ಕಟ್ಟಿ ಪಳಗಿದ ಕೈ ಮೂಲೆಗಳನ್ನು ಸುಕ್ಕಿಲ್ಲದೆ ಮಡಿಸಿತ್ತು. ಒಳಗಿನಿಂದ ಹುಡುಗ, ಹುಡುಗಿ, ಸೈಕಲ್ಲು, ಹೊಳೆ ಎಲ್ಲವೂ ನಿಚ್ಚಳವಾಗಿ ಕಾಣುತ್ತಿದ್ದವು.

ಸುಧಾರಣೆಯ ಹುಮ್ಮಸ್ಸಿನಲ್ಲಿ ನಾನು ಅಂದೇ ಉಳಿದ ಪುಸ್ತಕಗಳ ಖಾಕಿಯನ್ನೆಲ್ಲ ಸುಲಿಯಲು ಕೂತೆ. ಮುಚ್ಚಿ ಕೊಟ್ಟಾಗ ನಾನು ಪುಸ್ತಕವನ್ನಷ್ಟೇ ಕೊಡುತ್ತಿರಲಿಲ್ಲ, ಇದು ಮುಚ್ಚಿಡತಕ್ಕದ್ದು ಎಂಬ ಪಾಠವನ್ನೂ ಜೊತೆಗೆ ಕೊಡುತ್ತಿದ್ದೆ ಎಂದು ಹೊಳೆದಿತ್ತು. ಹರ್ತಿಯಿಂದ ಬರುವ ಹುಡುಗಿಯೊಬ್ಬಳು ನನ್ನ ಕೈ ಹಿಡಿದಳು. “ನಮ್ಮಪ್ಪ ಅಂಗಡಿ ಇಟ್ಟಿಲ್ರಿ ಅಕ್ಕಾರ. ನನ್ನ ಪುಸ್ತಕಕ್ಕ ಇರಲಿ,” ಎಂದಳು. ಇರಲಿ ಎಂದೆ. ಎಲ್ಲ ಬಾಗಿಲುಗಳೂ ಒಂದೇ ಭಾನುವಾರ ತೆರೆಯುವುದಿಲ್ಲವೆಂಬುದನ್ನು ಒಪ್ಪುವುದು ಚರ್ಚಾಪಟುಗಳಿಗೆ ಕಷ್ಟ, ಆದರೂ ಒಪ್ಪಿದೆ. ಆದ್ದರಿಂದ ಖಾಕಿ ಸುರುಳಿ ಇನ್ನೂ ನನ್ನ ಚೀಲದಲ್ಲಿದೆ, ಅದರ ಪಕ್ಕದಲ್ಲೀಗ ಪ್ಲಾಸ್ಟಿಕ್ಕಿನ ಸುರುಳಿಯೂ ಇದೆ. ಯಾವುದು ಬೇಕೆಂದು ಹುಡುಗಿಯರೇ ಹೇಳುತ್ತಾರೆ.

ಮೊನ್ನೆ ಕಾಲೇಜೊಂದರ ಚರ್ಚಾಸ್ಪರ್ಧೆಗೆ ತೀರ್ಪುಗಾರ್ತಿಯಾಗಿ ಮುಂಡರಗಿಗೆ ಹೊರಟಿದ್ದೆ. ಶಿವಪ್ಪನವರು ಹೊದಿಸಿದ ಆ ಕಾದಂಬರಿಯನ್ನೇ ಮತ್ತೊಮ್ಮೆ ಓದಲು ತೆಗೆದೆ. ಬಸ್ಸಿನಲ್ಲಿ ಇಂಥ ಪುಸ್ತಕದ ಮುಖಪುಟ ಬಿಚ್ಚಿಟ್ಟುಕೊಂಡು ನಾನು ಹಿಂದೆಂದೂ ಕೂತವಳಲ್ಲ. ಪಕ್ಕದಲ್ಲಿ ಉಳ್ಳಾಗಡ್ಡಿಯ ಚೀಲವನ್ನು ಕಾಲಿನ ನಡುವೆ ಇಟ್ಟುಕೊಂಡಿದ್ದ ಹೆಂಗಸು ಬಾಗಿ, ಪ್ಲಾಸ್ಟಿಕ್ಕಿನೊಳಗಿನ ಚಿತ್ರವನ್ನು ಸಾಕಷ್ಟು ಹೊತ್ತು ಪರಿಶೀಲಿಸಿ, ಹೊಳೆ ಯಾಕಿಷ್ಟು ಕಪ್ಪಗಿದೆ ಎಂದು ಕೇಳಿದಳು. ಹುಡುಗಿಯೊಬ್ಬಳು ಕಾಣೆಯಾಗಿದ್ದಾಳೆ ಎಂದೆ.

“ಸಿಗತಾಳೇನ್ರಿ?”

ಹೇಳಿದರೆ ಮಜಾ ಹೋಗುತ್ತದೆ ಎಂದೆ.

ಅವಳು ಚೀಲವನ್ನು ಆಚೆ ಸರಿಸಿ, ನನ್ನ ಹತ್ತಿರಕ್ಕೆ ಸರಿದು ಕೂತಳು. “ಹಂಗಾರ ಜೋರಾಗಿ ಓದ್ರಿ. ಜಲ್ದಿ ಓದ್ರಿ, ನಾ ಡಂಬಳಕ್ಕ ಇಳಿಯಾಕಿ.”

ನಾನು ಪುಸ್ತಕವನ್ನು ಮೊದಲ ಪುಟಕ್ಕೆ ತಿರುಗಿಸಿದೆ.